ನೂರ ಮೂವತ್ತನೆಯ ಕೀರ್ತನೆ ಮುಗಿಸಲು ಸೈಪ್ರಸ್‌ಗೆ

ಶಿರಸಿ

ನಾನು ವಿದೇಶಕ್ಕೆ ಹೋದದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಜಗಳವಾಡಲು.

ನನ್ನ ತಂಗಿ ಕೃಪಾ ನರ್ಸಿಂಗ್ ಕಲಿತು ಮೊದಲು ದುಬೈಗೆ ಹೋದಳು. ಅಲ್ಲಿಂದ ಸೈಪ್ರಸ್ ಎಂಬ ದ್ವೀಪಕ್ಕೆ ಹಾರಿ, ಅಲ್ಲಿಯ ಬೆಟ್ಟದ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ನಿಂತಳು. ನಮ್ಮಮ್ಮ ಶಿರಸಿಯಲ್ಲಿ ನನ್ನ ಜೊತೆಗೇ ಇದ್ದಳು. ಅವಳು ತೀರಿಕೊಂಡ ವಾರವೇ ಆ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರಂತೆ. ಕೃಪಾ ಬರಲಿಲ್ಲ. ಆಮೇಲೂ ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ ‘ಕ್ರಿಸ್ಮಸ್ ಕಳೀಲಿ ಅಕ್ಕ’, ‘ಚಳಿ ಕಳೀಲಿ ಅಕ್ಕ’ ಎಂದು ಹೇಳುತ್ತ ಒಂದು ವರ್ಷವನ್ನೇ ಕಳೆದಳು.

ನಮ್ಮದು ಚಿಕ್ಕ ಸಭೆ. ಅಜ್ಜನ ಕಾಲದಲ್ಲಿ ಹಾವೇರಿ ಕಡೆಯಿಂದ ಬಂದು ನೆಲೆಸಿದ ಕೆಲವೇ ಕ್ರೈಸ್ತ ಮನೆಗಳು. ನಮ್ಮಲ್ಲಿ ಒಂದು ಪದ್ಧತಿಯಿದೆ. ಮಣ್ಣು ಮಾಡಿ ಬಂದ ಸಂಜೆ, ತೀರಿಕೊಂಡವರಿಗೆ ಪ್ರಿಯವಾಗಿದ್ದ ಬೈಬಲಿನ ಕೀರ್ತನೆಯನ್ನು ಅವರ ಮಕ್ಕಳು ಸರದಿಯ ಮೇಲೆ ಹೇಳಬೇಕು. ಹಿರಿಯರಿಂದ ಕಿರಿಯರಿಗೆ, ಒಬ್ಬರಿಗೆ ಒಂದು ವಚನ. ಮುಗಿಯದಿದ್ದರೆ ಮತ್ತೆ ಹಿರಿಯರಿಂದ ಶುರು. ಯಾರಾದರೂ ಊರಲ್ಲಿಲ್ಲದಿದ್ದರೆ ಅವರ ಪಾಲಿನ ವಚನವನ್ನು ಬೇರೆಯವರು ಹೇಳುವಂತಿಲ್ಲ. ಅಷ್ಟು ಹೊತ್ತು ಎಲ್ಲರೂ ಸುಮ್ಮನಿದ್ದು ಮುಂದಕ್ಕೆ ಹೋಗಬೇಕು. ಆಮೇಲೆ ಅವರು ಬಂದು ತಮ್ಮ ಪಾಲು ಹೇಳುವವರೆಗೂ ಆ ಮನೆಯಲ್ಲಿ ಆ ಕೀರ್ತನೆಯನ್ನು ಯಾರೂ ತೆರೆಯುವುದಿಲ್ಲ.

ಅಮ್ಮನದು ನೂರ ಮೂವತ್ತನೆಯದು. ಅವಳು ಕೀರ್ತನೆಗಳನ್ನು ಔಷಧಿ ಅಂಗಡಿಯವನ ಹಾಗೆ ಇಟ್ಟುಕೊಂಡಿದ್ದಳು, ಎಲ್ಲವಕ್ಕೂ ನಂಬರು. ಬಸ್ಸು ದೇವಿಮನೆ ಘಟ್ಟ ಇಳಿಯುವಾಗ ನೂರ ಇಪ್ಪತ್ತೊಂದು, ಮಕ್ಕಳಿಗೆ ಜ್ವರ ಬಂದರೆ ತೊಂಬತ್ತೊಂದು, ಮನಸ್ಸು ಪಾತಾಳಕ್ಕೆ ಇಳಿದ ದಿನ ನೂರ ಮೂವತ್ತು. ಆಳವಾದ ಗುಂಡಿಯಲ್ಲಿ ಬಿದ್ದವನೊಬ್ಬ ದೇವರನ್ನು ಕೂಗಿ, ಉತ್ತರಕ್ಕೆ ಕಾದು ಕೂತಿರುವ ಪ್ರಾರ್ಥನೆ ಅದು. ಎಂಟೇ ವಚನ. ಮಕ್ಕಳು ಮೂವರು: ನಾನು, ನನ್ನ ಕೆಳಗಿನವನು ದೇವದಾನ, ಕೊನೆಗೆ ಕೃಪಾ. ಮೂರನೆಯದೂ ಆರನೆಯದೂ ಅವಳ ಪಾಲಿಗೆ ಬಂದವು. ಆ ಸಂಜೆ ಎರಡು ಸಲ ಮನೆಯೊಳಗೆ ಯಾರೂ ಮಾತಾಡಲಿಲ್ಲ. ಎರಡನೆಯ ಸಲ ನಾನು ತಡೆಯಲಾಗದೆ ಅತ್ತುಬಿಟ್ಟೆ.

ಅಮ್ಮ ಸತ್ತ ದುಃಖಕ್ಕೆ ನನಗೆ ಬೇಕಾಗಿದ್ದ ಔಷಧಿಯೇ ಅದು. ಅದೇ ಬೀಗ ಹಾಕಿಕೊಂಡು ಕೂತಿತು. ಬಾಯಿಪಾಠ ಬರುತ್ತಿದ್ದರೂ ಮೊದಲ ಶಬ್ದ ನಾಲಗೆಗೆ ಬಂದೊಡನೆ ನುಂಗಿಕೊಳ್ಳುತ್ತಿದ್ದೆ. ಸಿದ್ದಾಪುರದ ಶಾಲೆಗೆ ಪಾಠ ಮಾಡಲು ದಿನಾ ಬಸ್ಸಿನಲ್ಲಿ ಹೋಗಿಬರುವಾಗ ಕಿಟಕಿಯ ಪಕ್ಕ ಕೂತು ತಂಗಿಯನ್ನು ಬಯ್ಯುವುದೇ ನನ್ನ ಪ್ರಾರ್ಥನೆಯಾಗಿಬಿಟ್ಟಿತ್ತು.

ಇಸವಿ ಎರಡು ಸಾವಿರ ದಾಟಿ ಒಂದೆರಡು ವರ್ಷವಾಗಿತ್ತು. ‘ನೀ ಬರದಿದ್ರೆ ನಾನೇ ಬರ್ತೇನೆ’ ಎಂದು ನಾನು ಫೋನಿನಲ್ಲಿ ಹೆದರಿಸಿದೆ. ಅವಳು ‘ಬಾ’ ಎಂದುಬಿಟ್ಟಳು. ಅಜ್ಜಿಯ ಮಗ ವೀಸಾ ಮಾಡಿಸಿ ಕಳಿಸಿದ. ಹೇಳಿದ ಮೇಲೆ ಹೋಗಲೇಬೇಕಲ್ಲ! ಬೇಸಿಗೆ ರಜೆಯಲ್ಲಿ ಹೊರಟೆ.

ಯಲ್ಲಾಪುರದಿಂದ ದೇವದಾನ ಬಸ್ಸು ಹತ್ತಿಸಲು ಬಂದ. ‘ಅಕ್ಕಾ, ಅಲ್ಲೇ ಅವಳ ಹತ್ರ ಎರಡು ವಚನ ಹೇಳಿಸ್ಕೊಂಡು ಬಂದ್ಬಿಡು. ಕೆಲಸ ಮುಗೀತು’ ಎಂದ.

‘ಮನೇಲಿ ಹೇಳ್ಬೇಕಾದ್ದು ಮನೇಲೇ ಹೇಳ್ಬೇಕು. ಕರ್ಕೊಂಡೇ ಬರ್ತೇನೆ’ ಎಂದೆ.

ಪಕ್ಕದ ಮನೆಯ ಪಾರ್ವತಕ್ಕ ಜೇನಿನಂತೆ ಹರಿಯುವ ಜೋನಿಬೆಲ್ಲದ ಬಾಟಲಿ ತಂದುಕೊಟ್ಟರು. ‘ಕೃಪಂಗೆ ಕೊಡು. ಆನು ಕೇಳಿದ್ದಿ ಹೇಳು. ಮುಚ್ಚಳ ಗಟ್ಟಿ ಇದ್ದು, ಎಂತದೂ ಆಗ್ತಿಲ್ಲೆ’ ಎಂದರು.

ಲಾರ್ನಕಾ

ಆಯಿತು. ಲಾರ್ನಕಾ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ನನ್ನ ಪೆಟ್ಟಿಗೆ ತೆಗೆದಾಗ ಅವನ ಐದೂ ಬೆರಳು ಅಂಟಿಕೊಂಡವು. ಸೀರೆ, ಲಂಗ, ರವಿಕೆ ಎಲ್ಲ ಬೆಲ್ಲದಲ್ಲಿ ನೆನೆದಿದ್ದವು. ಅವನು ಬೆರಳು ಮೂಸಿದ, ನನ್ನ ಮುಖ ನೋಡಿದ. ನಾನು ಬೆಲ್ಲದಲ್ಲಿ ನನ್ನ ಬೆರಳು ಅದ್ದಿ ನೆಕ್ಕಿ ತೋರಿಸಿದೆ. ಅವನೂ ನೆಕ್ಕಿ, ಪಕ್ಕದವನನ್ನು ಕರೆದು ಅವನಿಗೂ ನೆಕ್ಕಿಸಿದ. ಇಬ್ಬರೂ ನಗುತ್ತ ಪೆಟ್ಟಿಗೆ ಮುಚ್ಚಿಕೊಟ್ಟರು. ಪಾರ್ವತಕ್ಕನ ಬೆಲ್ಲಕ್ಕೆ ಸಿಕ್ಕ ಮರ್ಯಾದೆ ನನ್ನ ಪಾಸ್‌ಪೋರ್ಟಿಗೆ ಸಿಗಲಿಲ್ಲ.

ಹೊರಗೆ ಕೃಪಾ ನಿಂತಿದ್ದಳು. ಕೂದಲು ಕತ್ತರಿಸಿಕೊಂಡಿದ್ದಳು, ಕೆನ್ನೆ ಇಳಿದಿತ್ತು. ಬಯ್ಯಬೇಕೆಂದು ಮುಂಬಯಿಯಿಂದ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ. ‘ಊಟ ಮಾಡ್ತಿಯಾ ಇಲ್ವಾ ನೀನು?’ ಎಂದೆ. ಅವಳು ನನ್ನ ಭುಜದಲ್ಲಿ ಮುಖ ಇಟ್ಟು ಬಹಳ ಹೊತ್ತು ತೆಗೆಯಲಿಲ್ಲ.

ಸೈಪ್ರಸ್ಸಿನಲ್ಲಿ ರೈಲಿಲ್ಲ. ಇದನ್ನು ಕೇಳಿ ನನಗೆ ಯಾಕೋ ಧೈರ್ಯ ಬಂತು. ರೈಲಿಲ್ಲದ ಶಿರಸಿಯಿಂದ ರೈಲಿಲ್ಲದ ದೇಶಕ್ಕೆ ಬಂದಿದ್ದೆ. ಗಾಡಿಗಳು ನಮ್ಮಂತೆಯೇ ಎಡಕ್ಕೆ ಹೋಗುತ್ತವೆ. ಘಟ್ಟದ ತಿರುವುಗಳೂ ನಮ್ಮವೇ, ಹೊಟ್ಟೆ ತೊಳಸುವುದೂ ನಮ್ಮಲ್ಲಿಯಂತೆಯೇ. ಕಾಡು ಮಾತ್ರ ಬೇರೆ. ನೆಲ ಕಾಣುವಂಥ ತೆಳು ಕಾಡು, ಬೋಳು ಮಣ್ಣು, ನಡುನಡುವೆ ಬೂದು ಬಣ್ಣದ ಆಲಿವ್ ಮರ. ಕೀರ್ತನೆಗಳಲ್ಲಿ ಚಿಕ್ಕಂದಿನಿಂದ ಕೇಳಿದ ದ್ರಾಕ್ಷಿ, ಅಂಜೂರ, ಎಣ್ಣೆ, ಬಂಡೆ, ಕುರಿಮಂದೆ ಎಲ್ಲ ರಸ್ತೆಯ ಪಕ್ಕದಲ್ಲೇ ಬಿದ್ದಿದ್ದವು. ಅಮ್ಮ ಇವನ್ನೆಲ್ಲ ನೋಡದೆಯೇ ಎಷ್ಟು ಚೆನ್ನಾಗಿ ಹೇಳುತ್ತಿದ್ದಳು ಎಂದುಕೊಂಡೆ. ಹೇಳಲು ತಂಗಿಯ ಕಡೆ ತಿರುಗಿದರೆ ಅವಳು ನಿದ್ದೆ ಮಾಡಿದವಳಂತೆ ಕಣ್ಣು ಮುಚ್ಚಿಕೊಂಡಿದ್ದಳು.

ಇನ್ನೊಂದು ಸೋಜಿಗ. ಬಸ್ಸಿನ ಡ್ರೈವರ್, ಹಣ್ಣಿನ ಅಂಗಡಿಯವಳು, ಪೆಟ್ರೋಲ್ ಹಾಕುವವನು, ಯಾರೇ ಎದುರಾಗಲಿ, ‘ಕ್ರಿಸ್ತೋಸ್ ಅನೆಸ್ತಿ’ ಎನ್ನುತ್ತಿದ್ದರು. ಕ್ರಿಸ್ತ ಎದ್ದಿದ್ದಾನೆ ಎಂದು ಅರ್ಥ. ‘ನಿಜವಾಗಿ ಎದ್ದಿದ್ದಾನೆ’ ಎಂದು ಎದುರಿನವರು ಉತ್ತರ ಕೊಡಬೇಕು. ಈಸ್ಟರ್ ಆದಮೇಲೆ ನಲವತ್ತು ದಿನ ಅಲ್ಲಿ ಇದೇ ನಮಸ್ಕಾರವಂತೆ. ನಾವು ಶಿರಸಿಯಲ್ಲಿ ಈಸ್ಟರ್ ಮುಗಿಸಿ ತಿಂಗಳು ದಾಟಿತ್ತು. ಇವರದು ಮೊನ್ನೆ ಮೊನ್ನೆ ಆಗಿತ್ತು. ಹಬ್ಬದ ದಿನವನ್ನೂ ಬೇರೆಯಾಗಿ ಲೆಕ್ಕ ಹಾಕುವ ಜನ ಎಂದು ಆಗಲೇ ನಾನು ಎಚ್ಚರಗೊಳ್ಳಬೇಕಾಗಿತ್ತು.

ಬೆಟ್ಟದ ಹಳ್ಳಿ

ಅಜ್ಜಿಯನ್ನು ಎಲ್ಲರೂ ಯಾಯಾ ಎಂದು ಕರೆಯುತ್ತಾರೆ. ಅಲ್ಲಿಯ ಮಾತಿನಲ್ಲಿ ಅಜ್ಜಿ ಎಂದೇ ಅರ್ಥ. ಸಣ್ಣ ಜೀವ, ದೊಡ್ಡ ಮೂಗು, ಕೈಯಲ್ಲಿ ಊರುಗೋಲು. ಬಂದವರಿಗೆ ನಮ್ಮಲ್ಲಿ ಬೆಲ್ಲ ನೀರು ಕೊಟ್ಟ ಹಾಗೆ ಅಲ್ಲಿ ಸಕ್ಕರೆ ಪಾಕದಲ್ಲಿ ಅದ್ದಿದ ಹಣ್ಣಿನ ತುಂಡು, ಒಂದು ಲೋಟ ತಣ್ಣೀರು ಕೊಡುತ್ತಾರೆ. ಬೆಲ್ಲದಲ್ಲಿ ಮಿಂದು ಬಂದವಳಿಗೆ ಮತ್ತೆ ಪಾಕ!

ನನ್ನ ಬಟ್ಟೆಯೆಲ್ಲ ತೊಟ್ಟಿಯಲ್ಲಿ ನೆನೆಯುತ್ತಿತ್ತು. ಕೃಪಾಳ ಉಡುಪು ನನಗೆ ಏರಲಿಲ್ಲ. ಯಾಯಾ ಸೊಂಟ ಮುರಿಯುವ ಮೊದಲು ದಪ್ಪವಿದ್ದಾಗಿನ ಒಂದು ಕರಿ ನಿಲುವಂಗಿ ತೆಗೆಸಿ ಕೊಟ್ಟರು. ಹಾಕಿಕೊಂಡು ಕನ್ನಡಿಯಲ್ಲಿ ನೋಡಿದರೆ ಕೊಡೆ ಮಡಚಿ ನಿಲ್ಲಿಸಿದ ಹಾಗೆ ಕಂಡೆ. ಹಾಗೆಯೇ ತಂಗಿಯ ಜೊತೆ ರೊಟ್ಟಿ ತರಲು ಬೀದಿಗೆ ಹೋದೆ.

ಕಾಫಿ ಅಂಗಡಿಯ ಮುಂದೆ ಕೂತಿದ್ದ ಗಂಡಸರು ಎದ್ದು ನಿಂತರು. ಒಬ್ಬ ಹೆಂಗಸು ಬಂದು ನನ್ನ ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದಳು. ಇನ್ನೊಬ್ಬಳು ಉಡಿಯಿಂದ ನಿಂಬೆಹಣ್ಣು ತೆಗೆದು ಕೊಟ್ಟಳು. ನಾನು ಶಾಲೆಯ ವಾರ್ಷಿಕೋತ್ಸವಕ್ಕೆ ಬಂದ ಅತಿಥಿಯಂತೆ ನಗುತ್ತ ಎಲ್ಲರಿಗೂ ಕೈ ಮುಗಿದೆ.

‘ನಗಬೇಡ ಅಕ್ಕ’ ಎಂದಳು ಕೃಪಾ ಮೆಲ್ಲಗೆ. ‘ಇಲ್ಲಿ ಕರಿ ಬಟ್ಟೆ ಹಾಕಿದ್ರೆ ಮನೇಲಿ ಯಾರೋ ಹೋಗಿದ್ದಾರೆ ಅಂತ. ಯಾರು ಹೋದ್ರು ಅಂತ ಕೇಳ್ತಿದ್ದಾರೆ.’

‘ಬೆಲ್ಲ ಚೆಲ್ಲಿತು ಅಂತ ಹೇಳು ಮಾರಾಯ್ತಿ.’

ಅವಳು ಹಾಗೆ ಹೇಳಲಿಲ್ಲ. ಕೈ ಹಿಡಿದಿದ್ದ ಹೆಂಗಸಿನ ಕಡೆ ತಿರುಗಿ ‘ಮಾನಾ’ ಎಂದಳು. ನಮ್ಮ ಅಮ್ಮ ಎಂದು. ಆಮೇಲೆ ತನ್ನ ಎದೆಯನ್ನೂ ನನ್ನ ಎದೆಯನ್ನೂ ತೋರಿಸಿದಳು. ಆ ಹೆಂಗಸು ಅವಳನ್ನು ಎಳೆದು ಅಪ್ಪಿಕೊಂಡಳು. ಅಷ್ಟು ವರ್ಷದಿಂದ ಅದೇ ಬೀದಿಯಲ್ಲಿ ಇವಳನ್ನು ನೋಡುತ್ತಿದ್ದವರಿಗೆ ಇವಳ ತಾಯಿ ಸತ್ತದ್ದು ಗೊತ್ತೇ ಇರಲಿಲ್ಲ. ಅಮ್ಮ ಹೋದಳು ಎನ್ನುವ ಮಾತು ತಂಗಿಯ ಬಾಯಲ್ಲಿ ಬಂದದ್ದನ್ನು ನಾನೂ ಕೇಳಿದ್ದು ಅದೇ ಮೊದಲು. ಫೋನಿನಲ್ಲಿ ಅವಳು ಯಾವಾಗಲೂ ‘ಆ ವಿಷಯ’ ಎನ್ನುತ್ತಿದ್ದಳು.

ನನ್ನ ಸೀರೆಗಳು ಒಣಗಿದ ಮೇಲೂ ನಾನು ಬೀದಿಗೆ ಹೋಗುವಾಗ ಆ ಕರಿ ಬಟ್ಟೆಯನ್ನೇ ಹಾಕಿಕೊಂಡೆ.

ಯಾಯಾನ ಮನೆ

ದಿನಗಳು ಹೋದವು. ಅಲ್ಲಿ ಬೆಕ್ಕುಗಳಿಗೆ ಇರುವ ಸಲಿಗೆ ನಮ್ಮಲ್ಲಿ ಅಳಿಯಂದಿರಿಗೂ ಇಲ್ಲ. ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿ ಮಲಗುತ್ತದೆ. ಸಂಜೆ ಯಾಯಾ ಒಂದು ಹಿಡಿಯುಳ್ಳ ಬಟ್ಟಲಲ್ಲಿ ಕೆಂಡ ಹಾಕಿ, ಒಣಗಿದ ಆಲಿವ್ ಎಲೆ ಉದುರಿಸಿ, ಮನೆಯ ಮೂಲೆಮೂಲೆಗೂ ಹೊಗೆ ತೋರಿಸುತ್ತಿದ್ದರು. ಕೊನೆಗೆ ನಮ್ಮಿಬ್ಬರ ತಲೆಗೂ ಮೂರು ಸುತ್ತು. ನಮ್ಮ ಸಭೆಯಲ್ಲಿ ಊದಿನಕಡ್ಡಿ ಕೂಡ ಹಚ್ಚುವುದಿಲ್ಲ. ಗೋಡೆಯ ಪಟಗಳಿಗೆ ಅವರು ಮುತ್ತಿಡುವುದನ್ನು ನೋಡಿ ಮೊದಲ ದಿನ ನಾನು ಮುಖ ತಿರುಗಿಸಿದೆ. ಮೂರನೆಯ ದಿನ ಹೊಗೆ ನನ್ನ ಕಡೆ ಬಾರದಿದ್ದಾಗ ನಾನೇ ತಲೆ ಚಾಚಿದೆ.

ಕೃಪಾ ಅವರನ್ನು ನೋಡಿಕೊಳ್ಳುತ್ತಿದ್ದ ರೀತಿ ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಬಾಚಿ ಜಡೆ ಹಾಕುವಳು, ಕಾಲಿಗೆ ಎಣ್ಣೆ ತಿಕ್ಕುವಳು, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಚಮಚದಲ್ಲಿ ಕೊಡುವಳು. ಅಮ್ಮನ ಕೊನೆಯ ತಿಂಗಳುಗಳಲ್ಲಿ ಇದನ್ನೆಲ್ಲ ಮಾಡಿದವಳು ನಾನು. ಈ ಕೈ ಅಲ್ಲಿ ಇದ್ದಿದ್ದರೆ ಎಂದು ಎಷ್ಟು ಹಂಬಲಿಸಿದ್ದೆ! ಅಮ್ಮನೂ ಬಾಗಿಲ ಕಡೆ ನೋಡುತ್ತ ಮಲಗಿರುತ್ತಿದ್ದಳು.

ನಾನು ಮಾತು ತೆಗೆದಾಗಲೆಲ್ಲ ಕೃಪಾಳಿಗೆ ಒಲೆಯ ಮೇಲೆ ಏನೋ ಉಕ್ಕುತ್ತಿತ್ತು, ಇಲ್ಲವೇ ಹೊರಗೆ ಯಾರೋ ಕರೆಯುತ್ತಿದ್ದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ನಾನೂ ತಾಳಿಕೊಂಡೆ. ನನ್ನ ರಜೆ ಮುಗಿಯುತ್ತ ಬಂದಿತ್ತು, ತಾಳ್ಮೆಯೂ.

ದ್ರಾಕ್ಷಿ ಚಪ್ಪರದ ಕೆಳಗೆ

ಹೊರಡುವ ಮುಂಚಿನ ಭಾನುವಾರ ಬೆಳಿಗ್ಗೆ ಮೂವರೂ ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಕೂತಿದ್ದೆವು. ಯಾಯಾನ ಮಡಿಲಲ್ಲಿ ಅವರ ಕೀರ್ತನೆಗಳ ಪುಸ್ತಕ. ದಿನಾ ಅಷ್ಟಷ್ಟು ಓದುವುದು ಅವರ ರೂಢಿ. ನಾನು ಬಾಯಿಬಿಟ್ಟು ಕೇಳಿಯೇಬಿಟ್ಟೆ.

‘ಬಟ್ಟೆ ಕಟ್ಟು ಕೃಪಾ. ನನ್ನ ಜೊತೆ ಬಾ. ಬಂದು ನಿನ್ನ ಪಾಲಿನ ವಚನ ಹೇಳು. ಹೆತ್ತವಳಿಗೆ ಅಷ್ಟೂ ಮಾಡ್ಲಿಕ್ಕೆ ಆಗೂದಿಲ್ವಾ?’

‘ಈಗ ಬೇಡ ಅಕ್ಕ.’

‘ಮತ್ತೆ ಯಾವಾಗ?’

ನನ್ನ ದನಿ ಏರಿತ್ತು. ಯಾಯಾ ಪುಸ್ತಕದಿಂದ ತಲೆಯೆತ್ತಿ ಏನು ಜಗಳ ಎಂದು ಕೇಳಿದರು. ಕೃಪಾ ಏನೋ ಒಂದೆರಡು ಮಾತು ಹೇಳಿದಳು. ಅವರು ಪುಸ್ತಕ ತೋರಿಸಿ ಯಾವ ಕೀರ್ತನೆ ಎಂದು ನನಗೇ ಕೈಸನ್ನೆ ಮಾಡಿದರು. ನನಗೆ ಹುರುಪು ಬಂತು. ಅಂಕಿಗಳು ಎಲ್ಲ ದೇಶದಲ್ಲೂ ಒಂದೇ ಅಲ್ಲವೇ? ನೆಲದ ಮೇಲೆ ಅವರ ಊರುಗೋಲಿನಿಂದಲೇ 130 ಎಂದು ಬರೆದೆ. ಇವಳ ಎದುರಿಗೆ ಇವಳ ಯಾಯಾನ ಬಾಯಿಂದಲೇ ಹೇಳಿಸಿದರೆ ನಾಚಿಕೆಯಾದರೂ ಆಗಲಿ ಎಂಬುದು ನನ್ನ ಲೆಕ್ಕ.

ಯಾಯಾ ಪುಟ ತಿರುವಿದರು. ಮುಖ ಅರಳಿತು. ರಾಗವಾಗಿ ಓದತೊಡಗಿದರು. ನಾನು ಕಣ್ಣು ಮುಚ್ಚಿ, ವರ್ಷದಿಂದ ಮುಚ್ಚಿಟ್ಟ ಕೀರ್ತನೆ ಕೊನೆಗೂ ಬಂತಲ್ಲ ಎಂದು, ಬೆರಳು ಮಡಚುತ್ತ ಮನಸ್ಸಿನಲ್ಲಿ ಹಿಂಬಾಲಿಸಿದೆ. ಮೂರನೆಯ ಬೆರಳಿಗೆ ಬರುವಷ್ಟರಲ್ಲಿ ಅವರು ಶಿಲುಬೆಯ ಗುರುತು ಮಾಡಿ ಪುಸ್ತಕ ಮುಚ್ಚಿದರು.

‘ಇನ್ನೂ ಐದು ಬಾಕಿ!’ ಎಂದೆ ನಾನು. ಮಗ್ಗಿಯಲ್ಲಿ ಸಾಲು ನುಂಗಿದ ಮಕ್ಕಳನ್ನು ಹಿಡಿಯುವ ದನಿಯಲ್ಲೇ. ‘ಹೇಳೇ ಅವರಿಗೆ, ಪೂರ್ತಿ ಓದ್ಲಿಕ್ಕೆ. ಎಂಟು ವಚನ ಇದೆ.’

ಕೃಪಾ ನಕ್ಕಳು. ನಾನು ಬಂದಮೇಲೆ ಅವಳು ಬಾಯಿ ತುಂಬ ನಕ್ಕದ್ದು ಆಗಲೇ. ನನ್ನ ಶಾಲೆಯ ಮಕ್ಕಳ ಹಾಗೆ ಕರೆದಳು: ‘ಅಕ್ಕೋರೇ, ಅವರು ಪೂರ್ತಿಯೇ ಓದಿದ್ರು. ಇವರ ಪುಸ್ತಕದಲ್ಲಿ ಮೊದಲಲ್ಲೇ ನಮ್ಮ ಎರಡು ಕೀರ್ತನೆ ಸೇರಿ ಒಂದಾಗಿದೆ. ಅಲ್ಲಿಂದ ನಂಬರೆಲ್ಲ ಒಂದೊಂದು ಹಿಂದೆ. ಇವರ ನೂರ ಮೂವತ್ತು ಅಂದ್ರೆ ನಮ್ಮ ನೂರ ಮೂವತ್ತೊಂದು.’

ನಂಬರಿನ ಮೇಲೆ ನಮ್ಮ ಮನೆಯವರು ಇಟ್ಟ ಭರವಸೆ ಹೀಗೆ ಮಣ್ಣುಪಾಲಾಯಿತು. ಕೀರ್ತನೆಯ ಹೆಸರು ಕೇಳಿದರೆ ನಮಗೆ ಬಾರದು, ಅಂಕಿ ಕೇಳಿದರೆ ಬಾಯಿಪಾಠ. ನೂರ ಮೂವತ್ತೊಂದು ಮಾತ್ರ ನನಗೆ ನೆನಪಿರಲಿಲ್ಲ. ಅಮ್ಮನ ಔಷಧಿ ಅಂಗಡಿಯಲ್ಲಿ ಅದು ಯಾವ ಕಾಯಿಲೆಗೂ ಇರಲಿಲ್ಲ. ಒಳಗಿನಿಂದ ನನ್ನ ಸತ್ಯವೇದ ತಂದು ತೆಗೆದೆ. ನಿಜಕ್ಕೂ ಮೂರೇ ವಚನ. ನನ್ನ ಕೈಗೆಟುಕದ ದೊಡ್ಡ ಸಂಗತಿಗಳ ಹಿಂದೆ ನಾನು ಬೀಳಲಿಲ್ಲ, ಹಾಲು ಬಿಟ್ಟ ಮಗು ತಾಯಿಯ ಬಳಿ ಸುಮ್ಮನೆ ಇರುವಂತೆ ನನ್ನ ಜೀವವನ್ನು ಸುಮ್ಮನಿರಿಸಿದೆ ಎಂದು ಹಾಡಿದವನು ಹೇಳುತ್ತಾನೆ.

ಕೃಪಾ ಹಾಲು ಬಿಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. ಆಗ ನಾನು ಏಳನೆಯ ಕ್ಲಾಸಿನಲ್ಲಿದ್ದೆ. ಅಮ್ಮ ಎದೆಗೆ ಬೇವಿನೆಲೆ ಅರೆದು ಹಚ್ಚಿಕೊಂಡಿದ್ದಳು. ಇವಳು ಬಾಯಿಟ್ಟು, ಕಹಿಗೆ ಮುಖ ಕಿವಿಚಿ, ಮನೆ ಹಾರಿಹೋಗುವಂತೆ ಅಳುತ್ತಿದ್ದಳು. ಎತ್ತಿಕೊಂಡು ತಿರುಗಿದವಳು ನಾನು. ಹಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಇವಳೇ ತಪ್ಪುಹೆಜ್ಜೆ ಇಡುತ್ತ ಹೋಗಿ ಅಮ್ಮನ ಮಡಿಲಲ್ಲಿ ಕೂತಳು. ಹಾಲು ಕೇಳಲಿಲ್ಲ. ಅಮ್ಮನ ಬಳೆ ತಿರುಗಿಸುತ್ತ ಸುಮ್ಮನೆ ಕೂತಿದ್ದಳು. ಅಮ್ಮನಿಗೇ ಕಣ್ಣಲ್ಲಿ ನೀರು ಬಂದಿತ್ತು.

ಇದನ್ನು ಹೇಳಿದೆ. ಕೃಪಾ ಕೇಳುತ್ತ ಕೇಳುತ್ತ ಮುಖ ತಗ್ಗಿಸಿದಳು.

‘ನಂಗೆ ಇನ್ನೂ ಹಾಗೆ ಸುಮ್ನೆ ಕೂರ್ಲಿಕ್ಕೆ ಬರೂದಿಲ್ಲ ಅಕ್ಕ’ ಎಂದಳು. ‘ಆ ವಚನ ಎರಡೂ ನಂಗೆ ದಿನಾ ನೆನಪಾಗ್ತದೆ. ಹೇಳಿದ್ರೆ ಕೀರ್ತನೆ ಮುಗೀತದೆ. ಮುಗಿದ್ರೆ ಅಮ್ಮ ಹೋದ್ಲು ಅಂತಾಯ್ತಲ್ಲ. ನೀವೆಲ್ಲ ಮಣ್ಣು ಹಾಕಿದ್ರಿ, ನೋಡಿದ್ರಿ. ನಾನು ಎಂತ ನೋಡಿದೆ? ನಂಗೆ ಅವಳು ಇನ್ನೂ ಬಾಗಿಲಲ್ಲೇ ಇದ್ದಾಳೆ. ಅದಕ್ಕೇ ಬರ್ಲಿಲ್ಲ.’

ನನ್ನದೂ ಒಂದು ಮಾತು ಉಳಿದಿತ್ತು. ‘ಅಮ್ಮನ ಹೆಸರು ಹೇಳ್ಕೊಂಡು ಬಂದೆ ಕಣೇ’ ಎಂದೆ. ‘ಆ ಮನೇಲಿ ನಂಗೆ ಒಬ್ಬಳಿಗೇ ಇರ್ಲಿಕ್ಕೆ ಆಗೂದಿಲ್ಲ. ನೀ ಬೇಕು ನಂಗೆ.’

ಯಾಯಾನಿಗೆ ನಮ್ಮ ಮಾತು ತಿಳಿಯಲಿಲ್ಲ. ಕೃಪಾ ಅವರ ಪಕ್ಕ ಕೂತು, ಅಳುತ್ತಲೇ, ಎಲ್ಲವನ್ನೂ ಹೇಳಿದಳೆಂದು ಕಾಣುತ್ತದೆ, ಬಹಳ ಹೊತ್ತು ಹಿಡಿಯಿತು. ಅವರು ಪುಸ್ತಕದಲ್ಲಿ ಒಂದು ಕೀರ್ತನೆ ಹಿಂದಕ್ಕೆ ಹೋಗಿ ನನ್ನ ಕಡೆ ನೋಡಿ ತಲೆಯಾಡಿಸಿದರು. ಶುರು ಮಾಡು ಎಂದು.

ಅದು ನಮ್ಮ ಮನೆಯಾಗಿರಲಿಲ್ಲ. ಆದರೂ ಮೊದಲನೆಯ ವಚನ ನಾನು ಹೇಳಿದೆ. ದೇವದಾನನ ಜಾಗದಲ್ಲಿ ಎರಡನೆಯದನ್ನು ಯಾಯಾ ಗ್ರೀಕಿನಲ್ಲಿ ಓದಿದರು, ಕೃಪಾ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. ನಮ್ಮ ಸಭಾಪಾಲಕರು ಇದಕ್ಕೆ ಏನೆನ್ನುತ್ತಿದ್ದರೋ, ನಾನು ಇಂದಿಗೂ ಅವರಿಗೆ ಹೇಳಿಲ್ಲ. ಮೂರನೆಯದು ಕೃಪಾಳದು. ದೇವರೇ, ನೀನು ನಮ್ಮ ತಪ್ಪುಗಳನ್ನೆಲ್ಲ ಹಿಡಿದು ಕೂತರೆ ಯಾರು ತಾನೇ ನಿಂತಾರು ಎನ್ನುವ ವಚನ. ಅವಳು ಎರಡು ಸಲ ಶುರುಮಾಡಿ ನಿಂತಳು. ಮೂರನೆಯ ಸಲಕ್ಕೆ ಹೇಳಿದಳು, ಅಮ್ಮನ ರಾಗದಲ್ಲೇ.

ನಾಲ್ಕು ನನ್ನದು, ಐದು ಯಾಯಾನದು. ಆರನೆಯದಕ್ಕೆ ಬಂದೆವು. ಬೆಳಗಾಗುವುದನ್ನೇ ಎದುರು ನೋಡುವ ಕಾವಲುಗಾರರಿಗಿಂತ ಹೆಚ್ಚಾಗಿ ನನ್ನ ಜೀವ ಕಾಯುತ್ತಿದೆ ಎನ್ನುವುದು. ಕೃಪಾ ಬಾಯಿ ತೆರೆಯಲಿಲ್ಲ. ಯಾಯಾ ಅವಳ ಮೊಣಕಾಲು ತಟ್ಟಿದರು. ಅವಳು ನನ್ನನ್ನು ನೋಡಿ ತಲೆ ಅಲ್ಲಾಡಿಸಿದಳು.

‘ಇದು ಇರ್ಲಿ ಅಕ್ಕ. ಇದನ್ನ ಮನೇಲಿ ಬಂದು ಹೇಳ್ತೇನೆ.’

‘ಯಾವಾಗ’ ಎನ್ನುವ ಪ್ರಶ್ನೆ ನಾಲಗೆಯ ತುದಿಯಲ್ಲಿತ್ತು. ಕೇಳಲಿಲ್ಲ. ಮೂವರೂ ಆ ವಚನದಷ್ಟು ಹೊತ್ತು ಸುಮ್ಮನೆ ಕೂತೆವು. ಆಮೇಲೆ ನಾನು ಏಳನೆಯದನ್ನು ಹೇಳಿದೆ.

ಮತ್ತೆ ಶಿರಸಿ

ಬಸ್‌ಸ್ಟ್ಯಾಂಡಿನಲ್ಲಿ ದೇವದಾನ ನನ್ನ ಹಿಂದೆ ಇನ್ಯಾರಾದರೂ ಇಳಿಯುತ್ತಾರೆಯೇ ಎಂದು ಬಾಗಿಲನ್ನೇ ನೋಡುತ್ತ ನಿಂತಿದ್ದ. ಯಾರೂ ಇಳಿಯಲಿಲ್ಲ.

‘ಅಂದ್ರೆ ಹೋದ ಕೆಲಸ ಆಗ್ಲಿಲ್ಲ’ ಎಂದ.

‘ಅರ್ಧ ಆಯ್ತು.’

‘ಇನ್ನರ್ಧ?’

‘ಅವಳ ಹತ್ರ ಇದೆ. ತಗೊಂಡು ಬರ್ತಾಳೆ.’

ಅವನು ಇನ್ನೇನೋ ಕೇಳುವವನಿದ್ದ. ನನ್ನ ಮುಖ ನೋಡಿ ಪೆಟ್ಟಿಗೆ ಎತ್ತಿಕೊಂಡ.

ಮನೆಯಲ್ಲಿ ಚಹಾ ಕುಡಿದು, ಕೃಪಾಳ ಕೋಣೆಯ ಕಿಟಕಿ ತೆಗೆದೆ. ಅವಳ ಹಾಸಿಗೆಯನ್ನು ಎಳೆದು ತಂದು ಅಂಗಳದ ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯತೊಡಗಿದೆ. ದೂಳು ಎದ್ದದ್ದನ್ನು ನೋಡಿ ಪಾರ್ವತಕ್ಕ ಬೇಲಿಯ ಹತ್ತಿರ ಬಂದರು.

‘ಬಂದವಳೇ ಎಂತಕ್ಕೆ ಹಾಸಿಗೆ ಬಡೀತೆ? ಕೃಪಾ ಬತ್ತಾ?’

‘ಬರ್ತಾಳೆ.’

‘ಯಾವಾಗ?’

‘ಗೊತ್ತಿಲ್ಲ ಪಾರ್ವತಕ್ಕ’ ಎಂದೆ. ‘ಮಳೆ ಹಿಡಿದ ಮೇಲೆ ಹಾಸಿಗೆ ಒಣಗೂದಿಲ್ಲ, ಅಲ್ವಾ?’